ಜುಲ್ಮೀರಾ ನಿಧಾನ ಕಲಿತದ್ದು

ನಮ್ಮ ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವರು ನಾಲ್ಕು ಜನ. ಅವರಲ್ಲಿ ಜುಲ್ಮೀರಾ ಯಾರ ಕಣ್ಣಿಗೂ ಬೀಳದವಳು. ಹುಡುಗಿಯಾಗಿದ್ದಾಗ ಬಂದು ಆ ಮೆಷಿನ್ನಿನ ಮುಂದೆ ಕೂತವಳಿಗೆ ಈಗ ನಲವತ್ತು ದಾಟಿತ್ತು. ಅಷ್ಟೂ ಕಾಲ ಅವಳು ತಡವಾಗಿ ಬಂದದ್ದಿಲ್ಲ, ಬೈಸಿಕೊಂಡದ್ದಿಲ್ಲ. ನಮ್ಮ ಸೂಪರ್‌ವೈಸರ್ ದೋನಾ ಕುಸ್ತೋದಿಯಾಗೆ ಬೈಯಲು ಏನೂ ಸಿಗದ ಹೆಂಗಸರ ಹೆಸರು ನೆನಪಿರುತ್ತಿರಲಿಲ್ಲ. ಜುಲ್ಮೀರಾಳನ್ನು ಬಹಳ ವರ್ಷ ‘ಜುಲ್ಮೀನಾ’ ಎಂದೇ ಕರೆದರು. ಇವಳೂ ಓಗೊಡುತ್ತ ಹೋದಳು.

ಎದುರು ಸಾಲಿನ ಕಾಜಾ ಮೆಷಿನ್ನಿನಲ್ಲಿ ನಾನಿದ್ದೆ. ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಆ ವರ್ಷ ಜರ್ಮನಿಯಿಂದ ಹೊಸ ಗಿರಾಕಿ ಬಂದಿದ್ದಳು, ಕನ್ನಡಕದ ಎತ್ತರದ ಹೆಂಗಸು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಒಂದು ಶರ್ಟಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನಮ್ಮ ಮಾಲೀಕ ಸೆನ್ಯೋರ್ ಅಬೀಲಿಯುವನ್ನು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. “ಎಷ್ಟು ಹಿಡೀಬೇಕೋ ಅಷ್ಟು ಹಿಡಿಯುತ್ತೆ,” ಎಂದರು. ಅವಳು ಅದನ್ನು ಬರೆದುಕೊಳ್ಳಲಿಲ್ಲ. ಮುಂದಿನ ತಿಂಗಳೇ ಪೋರ್ತು ಪಟ್ಟಣದಿಂದ ಎವರೀಸ್ತು ಎಂಬವನು ಬಂದ.

ಅವನ ಕೆಲಸ ನಮ್ಮ ಕೆಲಸವನ್ನು ಅಳೆಯುವುದು. ತೆಳ್ಳನೆಯ ಆಳು, ಬೂದುಬಣ್ಣದ ಕೋಟು. ಕೈಯಲ್ಲಿ ಒಂದು ಹಲಗೆ, ಹಲಗೆಯ ಮೂಲೆಯಲ್ಲಿ ಕೂರಿಸಿದ ಸ್ಟಾಪ್‌ವಾಚು. ಹೊಲಿಯುವವಳ ಹಿಂದೆ ಸ್ವಲ್ಪ ಓರೆಯಾಗಿ ನಿಂತು, ತಲೆ ಬಗ್ಗಿಸಿ, ಮಾತಿಲ್ಲದೆ ಗುರುತು ಹಾಕಿಕೊಳ್ಳುತ್ತಿದ್ದ. ಪಾಪನಿವೇದನೆ ಕೇಳುವ ಹಾಗೆ ನಿಲ್ಲುತ್ತಾನೆಂದು ನಾವು ಅವನಿಗೆ ‘ಪಾದ್ರಿ’ ಎಂದು ಹೆಸರಿಟ್ಟೆವು. ಅವನು ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಬರೆಯುತ್ತಾನೋ ಅದೇ ಇನ್ನು ಮುಂದೆ ಎಲ್ಲರಿಗೂ ಟಾರ್ಗೆಟ್. ಮುಟ್ಟಿದವರ ಹೆಸರು ಗೋಡೆಯ ಬೋರ್ಡಿನಲ್ಲಿ ಹಸಿರು ಸೀಮೆಸುಣ್ಣದಲ್ಲಿ, ಮುಟ್ಟದವರದ್ದು ಕೆಂಪಿನಲ್ಲಿ.

ಊಟದ ಕೋಣೆಯಲ್ಲಿ ಫೆಲಿಸ್ಮೀನಾ ಸಭೆ ಸೇರಿಸಿದಳು. ಕಾಲರ್ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. ಭಾರೀ ಮೈ, ಬಲಭುಜದಲ್ಲಿ ಹಳೆಯ ನೋವು. ಅವಳು ಕೂರಿಸಿದ ಕಾಲರಿನಲ್ಲಿ ಸುಕ್ಕು ಹುಡುಕಿ ತೋರಿಸಿದವರು ಇನ್ನೂ ಹುಟ್ಟಿರಲಿಲ್ಲ. ಆದರೆ ಅದು ಮುಗಿಯುವವರೆಗೆ ಕಾಯಬೇಕಿತ್ತು.

“ಕೇಳ್ರೇ ಇಲ್ಲಿ,” ಎಂದಳು ಕೋಸಿನ ಸೂಪಿಗೆ ಬ್ರೆಡ್ಡು ಮುರಿದು ಹಾಕುತ್ತ. “ಪಾದ್ರಿ ಹಿಂದೆ ಬಂದು ನಿಂತ ಅಂದ್ರೆ ಕತ್ತರಿ ಬೀಳಿಸಿ. ದಾರ ಕಿತ್ಕೊಳ್ಳಲಿ. ಮೂಗು ಒರೆಸ್ಕೊಳ್ಳಿ. ಯಾವಳಾದ್ರೂ ಜಾಣತನ ತೋರ್ಸಿದ್ರೆ ಅದರ ಸಾಲ ನಾವೆಲ್ಲಾ ತೀರಿಸ್ಬೇಕಾಗುತ್ತೆ.”

ಎಲ್ಲರೂ ಹೂಂ ಎಂದೆವು. ಜುಲ್ಮೀರಾಳೂ ಹೂಂ ಎಂದಳು.

ಮೊದಲು ಕಫ್ ಸಾಲಿನ ಇದಲೀನಾಳ ಸರದಿ. ಅವಳು ಹೇಳಿಕೊಟ್ಟಂತೆ ಕತ್ತರಿ ಬೀಳಿಸಿದಳು. ಎವರೀಸ್ತು ವಾಚು ನಿಲ್ಲಿಸಿ, ಬಗ್ಗಿ ಕತ್ತರಿ ಎತ್ತಿಕೊಟ್ಟು, ಮತ್ತೆ ವಾಚು ಚಾಲೂ ಮಾಡಿದ. ಮತ್ತೆ ಬೀಳಿಸಿದಳು, ಮತ್ತೆ ಎತ್ತಿಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಇದಲೀನಾಗೇ ನಾಚಿಕೆಯಾಗಿ, ಸುಮ್ಮನೆ ಹೊಲಿದು ಮುಗಿಸಿದಳು.

ಮಾರನೆಯ ದಿನ ಅವನು ಕಾಲರ್ ಸಾಲಿಗೆ ಬಂದ. ನಾಲ್ವರನ್ನೂ ಸ್ವಲ್ಪ ಹೊತ್ತು ನೋಡಿ, ಅತಿ ಬೇಗವೂ ಅಲ್ಲದ ಅತಿ ನಿಧಾನವೂ ಅಲ್ಲದ ಕೈ ಎಂದು ಜುಲ್ಮೀರಾಳನ್ನು ಆರಿಸಿದ. ಅವಳ ಹಿಂದೆ ನಿಂತು, “ದಯವಿಟ್ಟು ನಿಮ್ಮ ಪಾಡಿಗೆ ನೀವು ಹೊಲೀರಿ. ನಾನಿಲ್ಲಿ ಇಲ್ಲ ಅಂದ್ಕೊಳ್ಳಿ,” ಎಂದ.

ನಮ್ಮ ಕಾರ್ಖಾನೆಯಲ್ಲಿ ‘ದಯವಿಟ್ಟು’ ಎಂಬ ಮಾತು ಶೌಚಾಲಯದ ಬಾಗಿಲ ಮೇಲೆ ಮಾತ್ರ ಇತ್ತು.

ಜುಲ್ಮೀರಾ ಮೊದಲನೆಯ ಕಾಲರನ್ನು ಒಪ್ಪಂದದಂತೆ ನಿಧಾನವಾಗಿಯೇ ಕೂರಿಸಿದಳು. ಅದನ್ನು ಪಕ್ಕಕ್ಕಿಡುವಾಗ ಎವರೀಸ್ತು ಕೈಗೆತ್ತಿಕೊಂಡು ತಿರುಗಿಸಿ ನೋಡಿ, “ಎಷ್ಟು ಚೆನ್ನಾಗಿದೆ,” ಎಂದ. ಹೊಗಳಬೇಕೆಂದು ಹೇಳಿದ್ದಲ್ಲ, ತನ್ನಷ್ಟಕ್ಕೆ ಹೇಳಿಕೊಂಡದ್ದು. ಅಷ್ಟೇ. ಅಲ್ಲಿಂದಾಚೆ ಜುಲ್ಮೀರಾಳ ಕೈ ಅವಳ ಮಾತು ಕೇಳಲಿಲ್ಲ.

ನಾನು ಕಾಜಾ ಹೊಲಿಯುವುದನ್ನು ಬಿಟ್ಟು ನೋಡಿದೆ. ಕಾಲರ್ ಕೈಗೆ ಬಂದದ್ದೇ ಕುತ್ತಿಗೆಯ ಅಂಚಿಗೆ ಹೋಗಿ ಕೂರುತ್ತಿತ್ತು. ಸೂಜಿ ಆ ತಿರುವಿನಲ್ಲಿ ಎಲ್ಲೂ ನಿಲ್ಲದೆ ಹರಿಯುತ್ತಿತ್ತು. ಅವಳು ಅವಸರಪಡುತ್ತಿರಲಿಲ್ಲ. ಬೆನ್ನು ನೆಟ್ಟಗಿತ್ತು, ಮುಖ ತಿಳಿಯಾಗಿತ್ತು. ಮದುವೆಯಲ್ಲಿ ಕುಣಿಯುವವರ ಮುಖವಿರುತ್ತದಲ್ಲ, ಹಾಗೆ. ಆಚೆ ಫೆಲಿಸ್ಮೀನಾ ಕೆಮ್ಮಿದಳು, ಮತ್ತೆ ಕೆಮ್ಮಿದಳು, ಕೊನೆಗೆ ತನ್ನ ಕತ್ತರಿಯನ್ನೇ ನೆಲಕ್ಕೆಸೆದಳು. ಜುಲ್ಮೀರಾಗೆ ಕೇಳಿಸಲಿಲ್ಲ. ಎವರೀಸ್ತು ಗುರುತು ಹಾಕಿಕೊಂಡು, ಧನ್ಯವಾದ ಹೇಳಿ ಹೋದ.

ಅವಳಿಗೆ ಅವನ ಮೇಲೆ ಮನಸ್ಸಾಗಿದೆ ಎಂದು ಆಮೇಲೆ ಕೆಲವರು ಆಡಿಕೊಂಡರು. ಅದು ಸುಳ್ಳು. ಅವನ ಮುಖವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ, ಅವನು ನಿಂತದ್ದು ಹಿಂದೆ.

ಸೋಮವಾರ ಬೋರ್ಡಿನಲ್ಲಿ ಕಾಲರಿನ ಸಮಯ ಬಂತು. ದೋನಾ ಕುಸ್ತೋದಿಯಾ ಅದನ್ನು ಬರೆದು, ಹಿಂದೆ ಸರಿದು ನೋಡಿ, ತಪ್ಪಾಗಿ ಬರೆದೆನೇನೋ ಎಂದು ಚೀಟಿಯನ್ನು ಮತ್ತೆ ತೆರೆದರು. ತಪ್ಪಾಗಿರಲಿಲ್ಲ. ಅಂದು ಸಂಜೆಗೆ ಕಾಲರ್ ಸಾಲಿನ ನಾಲ್ಕು ಹೆಸರೂ ಕೆಂಪು. ಜುಲ್ಮೀರಾಳದ್ದೂ ಕೆಂಪೇ. ಆ ವೇಗ ಒಂದು ಬೆಳಗಿನ ಮಟ್ಟಿಗೆ ಅವಳಿಂದಾಗುತ್ತಿತ್ತು. ಮಧ್ಯಾಹ್ನದ ಮೇಲೆ, ತಗಡಿನ ಮಾಡು ಕಾದಾಗ, ಅವಳಿಂದಲೂ ಆಗುತ್ತಿರಲಿಲ್ಲ.

ಕೆಂಪು ಬಿದ್ದವರಿಗೆ ತಿಂಗಳ ಕೊನೆಯ ಇನಾಮಿಲ್ಲ. ಮೂರು ವಾರವಾದರೂ ಕೆಂಪಿನಲ್ಲೇ ಉಳಿದವರು ಜಾಗ ಬಿಡಬೇಕು. ಉಳಿದ ಮೂವರು ತಂಪಿದ್ದ ದಿನ ಹೇಗೋ ಒಮ್ಮೊಮ್ಮೆ ಹಸಿರು ಮುಟ್ಟಿದರು. ಫೆಲಿಸ್ಮೀನಾಳ ಭುಜಕ್ಕೆ ಆ ವೇಗ ಸಾಧ್ಯವೇ ಇರಲಿಲ್ಲ. ಅವಳನ್ನು ಮಡಿಸಿ ಪ್ಯಾಕ್ ಮಾಡುವ ವಿಭಾಗಕ್ಕೆ ಕಳಿಸಿದರು. ಅಲ್ಲಿ ಇಡೀ ದಿನ ನಿಂತೇ ಇರಬೇಕು. ಹೋಗುವ ದಿನ ಅವಳು ತನ್ನ ಕುರ್ಚಿಯ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಜುಲ್ಮೀರಾಳ ಮೆಷಿನ್ನಿನ ಬಳಿ ನಿಂತಳು.

“ಅವನ ಮುಂದೆ ನೀನು ಕುಣಿದೆ,” ಎಂದಳು. “ಈಗ ಅವನ ಹಿಂದೆ ನಾವೆಲ್ಲಾ ಓಡ್ತಿದೀವಿ.”

ಮಧ್ಯಾಹ್ನ ಊಟದ ಕೋಣೆಯಲ್ಲಿ ಜುಲ್ಮೀರಾ ಕೂತ ಮೇಜಿನಲ್ಲಿ ಮೂರು ಕುರ್ಚಿ ಖಾಲಿ. ನಾನೂ ಇದಲೀನಾಳ ಮೇಜಿಗೆ ಹೋಗಿ ಕೂತಿದ್ದೆ. ಅವಳು ಯಾರನ್ನೂ ಕರೆಯಲಿಲ್ಲ. ಸಾರ್ಡೀನ್ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದಳು.

ಮರುದಿನ ಅವಳು ಎವರೀಸ್ತುವಿನ ಕೋಣೆಗೆ ಹೋದಳು. ನನ್ನನ್ನು ಜೊತೆಗೆ ಕರೆದಳು, ಒಬ್ಬಳೇ ಹೋದರೆ ಜನ ಇನ್ನೂ ಏನಾದರೂ ಹೇಳುತ್ತಾರೆಂದು.

“ನನ್ನನ್ನ ಮತ್ತೆ ಅಳೀರಿ,” ಎಂದಳು. “ಆವತ್ತು ನಾನು ಬೇಗ ಬೇಗ ಹೊಲಿದುಬಿಟ್ಟೆ.”

ಅವನು ಅಚ್ಚರಿಯಿಂದ ನೋಡಿದ. “ನೋಡಿ ಅಮ್ಮಾ, ನಾನು ಬರೀ ಗಡಿಯಾರ ನೋಡಲ್ಲ, ಹೊಲಿಯೋರನ್ನೂ ನೋಡ್ತೀನಿ. ಅವಸರ ಮಾಡ್ತಿದ್ರೆ ಗಡಿಯಾರ ತೋರ್ಸಿದ್ದಕ್ಕೆ ಒಂದಿಷ್ಟು ಸೇರಿಸ್ತೀನಿ. ಬೇಕಂತ ಎಳೆದಾಡ್ತಿದ್ರೆ ಕಳೀತೀನಿ. ನೀವು ಎರಡೂ ಮಾಡ್ಲಿಲ್ಲ. ಆರಾಮಾಗಿ ಹೊಲೀತಿದ್ರಿ.”

“ಆರಾಮಾಗಿ ಕಂಡ್ತು ಅಷ್ಟೆ.”

“ಕಂಡಿದ್ದನ್ನೇ ತಾನೆ ನಾನು ಬರೀಬೇಕು? ಕೆಲಸದ ರೀತಿ ಬದಲಾದ್ರೆ ಮಾತ್ರ ಮತ್ತೆ ಅಳೀತೀವಿ. ಅದು ನಿಯಮ. ನಾನು ಮಾಡಿದ್ದಲ್ಲ.”

ಅವನು ಕೆಟ್ಟವನಾಗಿರಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಮೆಟ್ಟಿಲಿಳಿಯುವಾಗ ಜುಲ್ಮೀರಾ, “ರೀತಿ ಬದಲಾದ್ರೆ,” ಎಂದಳು. ನಾನು “ಏನು?” ಎಂದೆ. ಅವಳು ಏನಿಲ್ಲ ಎಂದಳು.

ಆ ಶನಿವಾರ ಅವಳು ಕಾರ್ಖಾನೆಯಿಂದ ಮೂರು ಶರ್ಟು ಕೇಳಿ ಮನೆಗೆ ತೆಗೆದುಕೊಂಡು ಹೋದಳು, ತೊಳೆದರೆ ಏನಾಗುತ್ತದೆ ನೋಡಬೇಕು ಎಂದು. ದೋನಾ ಕುಸ್ತೋದಿಯಾಗೆ ಅಂಥ ಕೋರಿಕೆ ಕೇಳಿ ಅಭ್ಯಾಸವಿರಲಿಲ್ಲ. ಬೇಡ ಎನ್ನಲು ಕಾರಣ ಹೊಳೆಯದೆ ಕೊಟ್ಟರು. ಊರ ತೊಟ್ಟಿಯ ಹತ್ತಿರ ಜುಲ್ಮೀರಾ ಅವುಗಳಲ್ಲಿ ಎರಡನ್ನು ನೀಲಿ ಸೋಪು ಹಚ್ಚಿ, ನೆಲ ತಿಕ್ಕುವ ಬ್ರಷ್ಷಿನಲ್ಲಿ ತಿಕ್ಕಿ, ಕಲ್ಲಿಗೆ ಬಡಿದು, ಒಣಗಿಸಿ, ಮತ್ತೆ ತಿಕ್ಕಿದಳು. ಭಾನುವಾರವೂ ಅದೇ. ಯಾವ ಜರ್ಮನಿಯವನೂ ತನ್ನ ಶರ್ಟನ್ನು ಹಾಗೆ ಒಗೆದಿರಲಾರ. ಕಡೆಗೆ ಕಾಲರ್ ಬೆನ್ನ ನಡುವೆ, ಕುತ್ತಿಗೆಯ ಕೆಳಗೆ, ಒಂದಿಷ್ಟು ಮೇಲೆದ್ದಿತು.

ಮೂರನೆಯ ಶರ್ಟಿನಲ್ಲಿ ಅದೇ ಜಾಗಕ್ಕೆ ಗುಣಾಕಾರದ ಗುರುತಿನಂಥ ಪುಟ್ಟ ಹೊಲಿಗೆ ಹಾಕಿದಳು. ಅದನ್ನೂ ಒಗೆದಳು, ಸ್ವಲ್ಪ ಮೆಲ್ಲಗೆ. ಮೂರನ್ನೂ ದೋನಾ ಕುಸ್ತೋದಿಯಾರ ಮುಂದಿಟ್ಟು, “ಕಾಲರ್ ಏಳುತ್ತೆ. ಇದನ್ನ ಹಾಕಿದ್ರೆ ಏಳಲ್ಲ,” ಎಂದಳು.

ಮುಂದಿನ ವಾರ ಜರ್ಮನಿಯ ಹೆಂಗಸು ಬಂದಾಗ ಶರ್ಟುಗಳು ಅವಳ ಮುಂದೆ ಹೋದವು. ಅವಳು ಗುಣಾಕಾರವನ್ನು ಉಗುರಿನಿಂದ ಕೆರೆದು ನೋಡಿದಳು. ಬೆಳಕಿಗೆ ಹಿಡಿದಳು. ನಕ್ಕಳು. ಅವಳು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು. ಇನ್ನು ಮೇಲೆ ಪ್ರತಿ ಶರ್ಟಿಗೂ ಇದು ಬೇಕೆಂದಳು. ಸೆನ್ಯೋರ್ ಅಬೀಲಿಯು ತಾವೇ ಬಹಳ ದಿನದಿಂದ ಇದರ ಬಗ್ಗೆ ಯೋಚಿಸುತ್ತಿದ್ದುದಾಗಿ ತಿಳಿಸಿದರು.

ಎವರೀಸ್ತುವನ್ನು ಕರೆಸಿದರು. ಅವನು ಬಂದು ನೋಡಿ, “ಉಳಿದಿದ್ದೆಲ್ಲ ಹಾಗೇ ಇದೆಯಲ್ಲ. ಆ ಹೊಲಿಗೆಯಷ್ಟನ್ನೇ ಅಳೆದು ಸೇರಿಸಿದ್ರೆ ಸಾಕು,” ಎಂದ.

ಹಾಗಾದರೆ ಹಳೆಯ ಸಮಯ ಹಾಗೇ ಉಳಿಯುತ್ತಿತ್ತು. ಜುಲ್ಮೀರಾ ಮೆಷಿನ್ನಿನಿಂದಲೇ ಹೇಳಿದಳು: “ಸಾಕಾಗಲ್ಲ. ನಡುವೆ ಅದು ಬರುತ್ತೆ ಅಂದ್ರೆ ಮೊದಲಿಂದ ಕಾಲರ್ ಹಿಡಿಯೋದೇ ಬೇರೆ ಥರ. ಬೇಕಾದ್ರೆ ನೋಡಿ.” ಹಿಡಿದು ತೋರಿಸಿದಳು. ನಿಜವಾಗಿ ಬೇರೆ ಥರವೇ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ದೋನಾ ಕುಸ್ತೋದಿಯಾ ಬೋರ್ಡಿನ ಕೆಂಪನ್ನು ಒಮ್ಮೆ ನೋಡಿದರು. ಅವರ ಸಾಲು ಅದು, ಅವರ ಇನಾಮೂ ಅದರಲ್ಲಿತ್ತು. “ಮೊದಲಿಂದ ಅಳೀರಿ ಸೆನ್ಯೋರ್ ಎವರೀಸ್ತು,” ಎಂದರು. “ನಿಯಮ ಅಂದ್ಮೇಲೆ ನಿಯಮ.”

ಅವನು ಒಪ್ಪಿದ. ಆದರೆ ಹೋಲಿಸಬೇಕಾದರೆ ಕೈ ಒಂದೇ ಇರಬೇಕು, ಹಿಂದಿನ ಸಲ ಹೊಲಿದವರೇ ಹೊಲಿಯಲಿ ಎಂದ. ಅಂದರೆ ಜುಲ್ಮೀರಾಳೇ. ಬುಧವಾರ ಎಂದು ನಿಗದಿಯಾಯಿತು.

ಭಾನುವಾರ ಮಧ್ಯಾಹ್ನ ಫೆಲಿಸ್ಮೀನಾ ತಾನಾಗಿಯೇ ಜುಲ್ಮೀರಾಳ ಮನೆಗೆ ಬಂದಳು. ನಾನು ಆಗಲೇ ಅಲ್ಲಿದ್ದೆ. ಜುಲ್ಮೀರಾಳ ಗಂಡ ಅರ್ಮೀಂದು ಬನಿಯನ್ನಿನಲ್ಲಿ ಕೂತು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದ. ಫೆಲಿಸ್ಮೀನಾ ಕುರ್ಚಿ ಎಳೆದುಕೊಂಡು, “ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಅದನ್ನ ಆಮೇಲೆ ನೋಡ್ಕೊಳ್ಳೋಣ. ಮೊದ್ಲು ಮೆಷಿನ್ ತೆಗಿ,” ಎಂದಳು.

ಜುಲ್ಮೀರಾ ಹಳೆಯ ದಿಂಬಿನ ಚೀಲಗಳಿಂದ ಕತ್ತರಿಸಿಟ್ಟ ಕಾಲರ್ ತೆಗೆದು ಹೊಲಿದು ತೋರಿಸಿದಳು.

“ಇದೇನೇ, ಕಾಲರ್ ಕೂರಿಸ್ತಿದೀಯೋ, ಬಸ್ ಹಿಡೀತಿದೀಯೋ?”

“ನಿಧಾನವಾಗೇ ಹೊಲಿದೆ ಅಕ್ಕಾ.”

“ಇದು ನಿಧಾನ? ನನ್ನ ಮಗಳು ಹಡೆಯುವಾಗ್ಲೂ ಇಷ್ಟು ಆತುರ ಮಾಡ್ಲಿಲ್ಲ. ಮತ್ತೆ ಹೊಲಿ.”

ಮತ್ತೆ ಹೊಲಿದಳು. ಈಗ ನಡುನಡುವೆ ಸುಮ್ಮನೆ ನಿಂತಳು.

“ನಿಲ್ಲಬಾರ್ದು ಕಣೇ! ನಿಂತ್ರೆ ಅವನು ಗಡಿಯಾರಾನೂ ನಿಲ್ಲಿಸ್ತಾನೆ. ಕತ್ತರಿ ಬೀಳಿಸಿದ್ರೆ ಎತ್ತಿಕೊಡ್ತಾನೆ. ನಿಧಾನ ಅನ್ನೋದು ನಿಲ್ಲೋದ್ರಲ್ಲಿಲ್ಲ. ಪೀಸ್ ಎತ್ಕೋ, ಅಂಚು ನೋಡು. ನೋಡಾದ್ಮೇಲೂ ನೋಡು. ಬೆರಳಲ್ಲಿ ಸವರು. ಸವರಿದ ಕಡೆ ಸರಿಯಾಯ್ತಾ ಅಂತ ಆ ಕಡೆಯಿಂದ ಸವರು. ಆಮೇಲೆ ಪೆಡಲ್ ಮೇಲೆ ಕಾಲಿಡು, ತುಳೀಬೇಡ, ಸುಮ್ನೆ ಇಡು.”

“ಅಷ್ಟೊತ್ತು ಮನಸ್ಸಲ್ಲಿ ಏನು ಮಾಡ್ಲಿ?”

ಫೆಲಿಸ್ಮೀನಾಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. “ಏನು ಮಾಡೋದು? ಸಂಜೆಗೆ ಏನು ಅಡುಗೆ ಅಂತ ಯೋಚ್ನೆ ಮಾಡು. ನಾನಂತೂ ಅಳಿಯನ ವಿಷಯ ಯೋಚ್ನೆ ಮಾಡ್ತೀನಿ. ಅದು ಬೇಗ ಮುಗಿಯೋದಿಲ್ಲ.”

ಅರ್ಮೀಂದು ರೇಡಿಯೋ ಸಣ್ಣ ಮಾಡಿ, “ಮನೆ ಕೆಲಸದಲ್ಲಿ ಅವಳು ನಿಧಾನವೇ ಅಲ್ವಾ?” ಎಂದ.

“ನೀನು ಫುಟ್‌ಬಾಲ್ ಕೇಳಪ್ಪಾ,” ಎಂದಳು ಫೆಲಿಸ್ಮೀನಾ.

ಸೋಮವಾರ, ಮಂಗಳವಾರ ಸಂಜೆಯೂ ಪಾಠ ನಡೆಯಿತು. ಜುಲ್ಮೀರಾಳ ಮಟ್ಟಿಗೆ ಇದಕ್ಕಿಂತ ಕಷ್ಟದ ಕೆಲಸ ಬೇರೊಂದಿರಲಿಲ್ಲ. ಸವರಬೇಕಾದ ಜಾಗದಲ್ಲಿ ಬೆರಳು ತಾನಾಗಿ ಮುಂದೆ ಹೋಗುತ್ತಿತ್ತು, ಅದನ್ನು ಹಿಂದಕ್ಕೆ ಕರೆಯುವಷ್ಟರಲ್ಲಿ ಕಾಲು ಪೆಡಲ್ ತುಳಿದಿರುತ್ತಿತ್ತು. ಬೆರಳನ್ನು ಹಿಡಿದರೆ ಕಾಲು, ಕಾಲನ್ನು ಹಿಡಿದರೆ ಬೆರಳು. ಮಂಗಳವಾರ ಮುಗಿಯುವ ಹೊತ್ತಿಗೆ ಅವಳ ಅಂಗಿಯ ಬೆನ್ನು ಒದ್ದೆಯಾಗಿತ್ತು. ಕಾಲರ್ ಮಾತ್ರ ನಿಧಾನವಾಗಿ ಬಂದಿತ್ತು. ಫೆಲಿಸ್ಮೀನಾ ಅದನ್ನು ನೋಡಿ, “ಪರವಾಗಿಲ್ಲ,” ಎಂದಳು. “ಹೊಲಿಗೇನೂ ಸ್ವಲ್ಪ ಚೆನ್ನಾಗಿ ಬಂದಿದೆ.”

ಬುಧವಾರ ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಎವರೀಸ್ತು ಬಂದು ಅವಳ ಹಿಂದೆ ಓರೆಯಾಗಿ ನಿಂತ. “ದಯವಿಟ್ಟು,” ಎಂದು ಶುರುಮಾಡಿದ. ಇಡೀ ಹಾಲಿನಲ್ಲಿ ಯಾರೂ ಅತ್ತ ನೋಡುತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಎಲ್ಲೂ ನೋಡದೆ ಇದ್ದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಜುಲ್ಮೀರಾ ಪೀಸ್ ಎತ್ತಿಕೊಂಡಳು. ನೋಡಿದಳು. ನೋಡಾದ ಮೇಲೂ ನೋಡಿದಳು. ಸವರಿದಳು. ಹಣೆಯ ಮೇಲೆ ಬೆವರು ಮೂಡಿತು. ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂತು. ಕುತ್ತಿಗೆಯ ನರ ಉಬ್ಬಿತು. ಕಾಲು ಪೆಡಲಿನ ಮೇಲೆ ನಡುಗುತ್ತಿತ್ತು, ಕಟ್ಟಿಹಾಕಿದ ಕುದುರೆಯ ಕಾಲಿನ ಹಾಗೆ. ಒಂದು ಕಾಲರ್ ಮುಗಿಸಿ ಇಡುವಷ್ಟರಲ್ಲಿ ಬೆಟ್ಟ ಹತ್ತಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಎರಡನೆಯದು ತೆಗೆದಳು. ಮೂರನೆಯದು.

ಎವರೀಸ್ತು ವಾಚು ನಿಲ್ಲಿಸಿದ. “ಇಷ್ಟೊಂದು ಕಷ್ಟಪಡಬೇಡಿ ಅಮ್ಮಾ. ಅವಸರ ಏನಿಲ್ಲ. ನಿಮ್ಮ ಪಾಡಿಗೆ ಹೊಲೀರಿ.”

“ಇದೇ ನನ್ನ ಪಾಡು,” ಎಂದಳು ಜುಲ್ಮೀರಾ.

ಅವನು ವಾಚು ಮತ್ತೆ ಚಾಲೂ ಮಾಡಿ ಅಳೆದು ಮುಗಿಸಿದ. ಈ ಸಲ ಕಾಲರನ್ನು ಎತ್ತಿ ನೋಡಲಿಲ್ಲ.

ಶುಕ್ರವಾರ ಹೊಸ ಸಮಯ ಬೋರ್ಡಿಗೆ ಬಂತು. ನಾವು ಬೇಡಿಕೊಂಡಿದ್ದಕ್ಕಿಂತಲೂ ಹೆಚ್ಚಿತ್ತು. ಪಾದ್ರಿ ಬರುವ ಮೊದಲು ನಾವು ಹೊಲಿಯುತ್ತಿದ್ದೆವಲ್ಲ, ಅದಕ್ಕಿಂತಲೂ ಹೆಚ್ಚು. ದೋನಾ ಕುಸ್ತೋದಿಯಾ ಎವರೀಸ್ತುವಿನಿಂದ ಕಾರಣ ಕೇಳಿಕೊಂಡು ಬಂದು, ಮೆಷಿನ್ನುಗಳ ಸದ್ದಿನ ಮೇಲೆ ಕೇಳಿಸುವಂತೆ ಸಂತೋಷದಿಂದ ಸಾರಿದರು: “ಪಾಪ, ಆಕೆಗೆ ಮೊದಲಿನ ಕೈ ಇಲ್ಲ, ಮೈ ಮುರಿದು ಹೊಲಿದ್ರೂ ಇಷ್ಟೇ ಆಗೋದು ಅಂದ್ರು. ಆ ಮೈ ಮುರಿದಿದ್ದಕ್ಕೆ ಅಂತ ಒಂದಿಷ್ಟು ಸೇರಿಸಿದಾರೆ! ಕೇಳಿಸ್ತೇನೇ ಜುಲ್ಮೀರಾ?”

ಹೆಸರು ಸರಿಯಾಗಿ ಕರೆದಿದ್ದರು.

ಕೇಳಿಸಿತು ಎಂದಳು ಜುಲ್ಮೀರಾ. ಎದ್ದು ಕೈತೊಳೆಯುವ ಕಡೆ ಹೋದಳು. ನಾನೂ ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

“ನನ್ನ ಕೈ ಹೋಯ್ತು ಅಂದ್ಕೊಂಡ, ಒದೀಲಿಯಾ.”

“ಅಂದ್ಕೊಳ್ಳಲಿ ಬಿಡೇ. ಇಷ್ಟೆಲ್ಲಾ ಮಾಡಿದ್ದು ಅದಕ್ಕೇ ತಾನೆ?”

“ಹೂಂ, ಅದಕ್ಕೇ,” ಎಂದಳು. ಬಹಳ ಹೊತ್ತು ಮುಖ ತೊಳೆದಳು. ನಾನು ಟವೆಲ್ ಹಿಡಿದುಕೊಂಡು ನಿಂತೆ. ಒಳಗೆ ಗಲಾಟೆ ಕೇಳುತ್ತಿತ್ತು. ಇದಲೀನಾ ಪ್ಯಾಕಿಂಗಿಗೆ ಓಡಿಹೋಗಿ ಫೆಲಿಸ್ಮೀನಾಗೆ ಸುದ್ದಿ ಮುಟ್ಟಿಸಿದ್ದಳು.

ಎರಡು ವಾರದೊಳಗೆ ಫೆಲಿಸ್ಮೀನಾ ದಿಂಬಿನ ಸಮೇತ ಕಾಲರ್ ಸಾಲಿಗೆ ಮರಳಿದಳು. ನಾಲ್ಕು ಹೆಸರೂ ಹಸಿರಾದವು. ಊಟದ ಮೇಜಿನಲ್ಲಿ ಜುಲ್ಮೀರಾಳ ಪಕ್ಕಕ್ಕೆ ಕೂರಲು ಈಗ ಜಗಳವಾಡುವಂತಾಯಿತು. ಅವಳ ತಟ್ಟೆಗೆ ಒಬ್ಬಳು ಆಲಿವ್ ಹಾಕಿದರೆ ಇನ್ನೊಬ್ಬಳು ಒಣಮೀನಿನ ವಡೆ ಹಾಕುತ್ತಿದ್ದಳು. ಅವಳು ಎಲ್ಲವನ್ನೂ ತಿಂದಳು, ಮಾತು ಮಾತ್ರ ಕಡಿಮೆ.

ಅಳೆಯುವ ಕೆಲಸದ ಕಡೆಯ ದಿನ ಎವರೀಸ್ತು ಸಾಲುಸಾಲಾಗಿ ಬಂದು ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದ. ಕೋಟು ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದ. ಜುಲ್ಮೀರಾಳ ಹತ್ತಿರ ಬಂದಾಗ ದನಿ ತಗ್ಗಿಸಿದ.

“ಡಾಕ್ಟರಿಗೆ ತೋರಿಸಿದ್ರಾ ಅಮ್ಮಾ?”

ಫೆಲಿಸ್ಮೀನಾಳ ಮೆಷಿನ್ ನಿಂತಿತು. ನನ್ನದೂ ನಿಂತಿತು. ಜುಲ್ಮೀರಾಳ ಮುಂದೆ ಮೇಜಿನ ಮೇಲೆ ಕಾಲರುಗಳ ಹೊಸ ಕಟ್ಟು ಬಿಚ್ಚಿಟ್ಟಿತ್ತು, ಸೂಜಿಗೆ ದಾರ ಪೋಣಿಸಿತ್ತು. ಒಂದೇ ಒಂದನ್ನು ಅವನೆದುರು ಹೊಲಿದು ತೋರಿಸಿದ್ದರೆ ಸಾಕಿತ್ತು. ಅವಳ ಕೈ ಕಟ್ಟಿನವರೆಗೆ ಹೋದದ್ದನ್ನು ನಾನು ನೋಡಿದೆ. ಮೇಲಿನ ಪೀಸನ್ನು ನೆಟ್ಟಗೆ ಮಾಡಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

“ಇನ್ನೂ ಇಲ್ಲ, ತೋರಿಸ್ತೀನಿ,” ಎಂದಳು.

“ತಡ ಮಾಡಬೇಡಿ,” ಎಂದ ಅವನು, ಮನಸ್ಸಿಟ್ಟು ಹೇಳಿದ. ಹೊರಗೆ ಹೋದ.

ಆಗಸ್ಟಿನಲ್ಲಿ ಕಾರ್ಖಾನೆ ಮುಚ್ಚಿದಾಗ ನಾವು ಮೂವರೂ ಒಂದೇ ಬಸ್ಸಿನಲ್ಲಿ ಪೋವುವಾ ಕಡಲತೀರಕ್ಕೆ ಹೋದೆವು. ಜುಲ್ಮೀರಾ ನೀರಿಗಿಳಿಯದೆ ಮರಳಿನ ಮೇಲೆ ಕಾಲು ಚಾಚಿ ಕೂತಳು. ಫೆಲಿಸ್ಮೀನಾ ಇಳಿದಳು, ಭುಜಕ್ಕೆ ಉಪ್ಪುನೀರು ಒಳ್ಳೆಯದೆಂದು. ಒಂದೊಂದೇ ಹೆಜ್ಜೆ ಇಟ್ಟು, ಪ್ರತಿ ಅಲೆಗೂ ನಿಂತು, ಬೈದು, ಸೊಂಟದವರೆಗೆ ಮುಳುಗುವಷ್ಟರಲ್ಲಿ ನಮಗೆ ಹಸಿವಾಗಿತ್ತು. ಊಟದ ಗಂಟು ಅವಳ ಚೀಲದಲ್ಲಿತ್ತು. ನಾವು ಕಾದೆವು.